ಗೇಣು ಮೇಸ್ತ್ರಿ

ಅವನಿಗೆ ಗೇಣು ಮೇಸ್ತ್ರಿ ಎಂದು ಹೆಸರಿಟ್ಟವರು ನನ್ನ ಅತ್ತೆ. ಎಂಬತ್ತೆರಡರಲ್ಲೂ ಅವರ ನಾಲಿಗೆಗೆ ವಯಸ್ಸಾಗಿಲ್ಲ. ಬೀದಿಯವರಿಗೆಲ್ಲ ಹೆಸರಿಟ್ಟವರು ಅವರೇ. ಕೆಲವು ಹೆಸರು ಎದುರಿಗೆ ಕರೆಯುವಂಥವು, ಕೆಲವು ಬಾಗಿಲು ಮುಚ್ಚಿಕೊಂಡು ಕರೆಯುವಂಥವು. ಮೇಸ್ತ್ರಿಯದು ಎದುರಿಗೆ ಕರೆಯುವ ಹೆಸರು. ಮನೆಯ ನೆಲವನ್ನು ಒಂದೊಂದು ಗೇಣು ಏರಿಸಿಕೊಡುವುದು ಅವನ ಕೆಲಸ. ಆ ಕೆಲಸದಲ್ಲಿ ಅವನನ್ನು ಮೀರಿಸುವವರು ಆಸುಪಾಸಿನಲ್ಲಿ ಯಾರೂ ಇರಲಿಲ್ಲ.

ನೆಲ ಯಾಕೆ ಏರಿಸಬೇಕು ಎಂದು ಕೇಳುವವರು ಒಳ್ಳೆಯ ಜಾಗದಲ್ಲಿ ಮನೆ ಮಾಡಿರುವವರು. ನಮ್ಮದು ಹದಿಮೂರು ಮನೆಗಳ ಬೀದಿ. ಒಂದು ತುದಿಗೆ ಬಸ್ ರಸ್ತೆ, ಇನ್ನೊಂದು ತುದಿಗೆ ಕಾಲುವೆ. ಕಾಲುವೆ ಹೋಗಿ ಸಮುದ್ರ ಸೇರುತ್ತದೆ ಎಂದು ನಾವು ತಿಳಿದಿದ್ದೆವು. ಈಗೀಗ ಸಮುದ್ರವೇ ಕಾಲುವೆ ಹಿಡಿದು ನಮ್ಮ ಕಡೆ ಬರುತ್ತಿದೆ. ನಾನು ಮದುವೆಯಾಗಿ ಬಂದಾಗ ಕಾಲುವೆಯ ನೀರು ಮುಟ್ಟಲು ಏಳು ಮೆಟ್ಟಿಲು ಇಳಿಯಬೇಕಿತ್ತು. ಹದಿನಾರು ವರ್ಷದ ಹಿಂದೆ ಮೊದಲ ಸಲ ನೀರು ಮೇಲೆ ಬಂತು, ಅದೂ ಭಾರೀ ಮಳೆಯಲ್ಲಿ. ಆಮೇಲೆ ಮಳೆಯೇ ಬೇಕಾಗಲಿಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ಉಬ್ಬರಕ್ಕೆ, ಸುಡುಬಿಸಿಲಿನಲ್ಲಿ, ಬಚ್ಚಲ ತೂತಿನಿಂದ ಸದ್ದಿಲ್ಲದೆ ಒಳಗೆ ಬರತೊಡಗಿತು. ನಾನು ಹೊಲಿಗೆ ಯಂತ್ರದ ಮುಂದೆ ಕೂತು ತುಳಿಯುತ್ತಿದ್ದರೆ ಪಾದ ತಣ್ಣಗಾಗುತ್ತಿತ್ತು, ನೋಡಿದರೆ ನೀರು.

ನಗರಸಭೆ ಆಫೀಸಿನವರು ಏನು ಮಾಡಿದರು ಎಂದು ಕೇಳಬೇಡಿ. ರಸ್ತೆ ಎತ್ತರಿಸಿದರು. ರಸ್ತೆ ಎತ್ತರವಾದಷ್ಟೂ ನಮ್ಮ ಮನೆಗಳು ತಗ್ಗಾದವು, ರಸ್ತೆಯ ನೀರೂ ನಮ್ಮ ಹೊಸ್ತಿಲಿಗೇ ಬಂತು. ಆಗ ಮೇಸ್ತ್ರಿ ತನ್ನ ಮನೆಯಲ್ಲಿ ಮೊದಲು ಮಾಡಿ ತೋರಿಸಿದ. ಒಡೆದ ಕಟ್ಟಡಗಳ ಕಲ್ಲುಚೂರು ತಂದು ನೆಲದ ಮೇಲೆ ಹಾಸಿದ, ಸಂದಿಗೆ ಮರಳು ತುಂಬಿ ದಮ್ಮಸ್ಸು ಮಾಡಿದ, ಮೇಲೆ ಕಾಂಕ್ರೀಟು ಹಾಕಿ ಕರಣೆಯಿಂದ ಸವರಿದ. ಒಂದು ಗೇಣು, ಅಂದರೆ ಮುಕ್ಕಾಲಡಿ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಗಿಲನ್ನು ಕೆಳಗಿನಿಂದ ಅಷ್ಟೇ ಕೊಯ್ದ. ಆ ವರ್ಷ ಎಲ್ಲರ ಮನೆಗೂ ನೀರು ಬಂತು, ಅವನ ಮನೆಗೆ ಬರಲಿಲ್ಲ. ಮರುದಿನ ಬೀದಿಯೆಲ್ಲ ಅವನ ಬಾಗಿಲಲ್ಲಿತ್ತು.

ಹಾಗೆ ಮೂರು ಸಲ ಏರಿಸಿದ. ಮೊದಲನೆಯದು ಹತ್ತು ವರ್ಷದ ಹಿಂದೆ. ಇನ್ನೆರಡು, ದೊಡ್ಡ ನೀರು ಬಂದ ಮೇಲೆ, ಒಂದರ ಹಿಂದೊಂದು ವರ್ಷ. ಒಂಬತ್ತು ಅಡಿಯ ಮನೆ ಏಳಡಿಗೂ ಕಡಿಮೆಯಾಯಿತು. ಕೈ ಎತ್ತಿದರೆ ಮಾಡು ತಗಲುತ್ತಿತ್ತು. ಸೀಲಿಂಗ್ ಫ್ಯಾನು ತಲೆಗೆ ಬಡಿಯುತ್ತದೆಂದು ಎಲ್ಲರೂ ಬಿಚ್ಚಿಟ್ಟೆವು. ಲೈಟಿನ ಸ್ವಿಚ್ಚು ಸೊಂಟದ ಮಟ್ಟಕ್ಕೆ ಬಂತು, ಕಿಟಕಿ ಮೊಣಕಾಲಿನ ಮಟ್ಟಕ್ಕೆ ಬಂತು. ಬೀದಿಯಲ್ಲಿ ಹೋಗುವವರ ಚಪ್ಪಲಿ ನೋಡಿ ಇಂಥವರು ಎಂದು ಹೇಳಲು ನನ್ನ ಅತ್ತೆ ಕಲಿತರು. ಬಿಸಿಲುಗಾಲದಲ್ಲಿ ಕಾದ ಕಾಂಕ್ರೀಟು ನೆತ್ತಿಯ ಮೇಲೇ ಇರುತ್ತಿತ್ತು. ಬಿಸಿಲುಗಾಲವೂ ಮೊದಲಿನ ಹಾಗೆ ಎರಡು ತಿಂಗಳಿಗೆ ಮುಗಿಯುತ್ತಿರಲಿಲ್ಲ. ಕೆಳಗೆ ತೇವ, ಮೇಲೆ ಕಾವು, ನಡುವೆ ನಾವು. ಆದರೂ ಮೇಸ್ತ್ರಿಯನ್ನು ಹೊಗಳುತ್ತಿದ್ದೆವು, ಯಾಕೆಂದರೆ ಪಾದ ಒಣಗಿರುತ್ತಿತ್ತು.

ಅವನು ಹತ್ತೊಂಬತ್ತನೆಯ ವಯಸ್ಸಿಗೆ ಗಾರೆಯ ಬಾಂಡ್ಲಿ ಹೊರಲು ಬಂದವನು. ಆರಡಿ ಆಳು, ಉದ್ದನೆಯ ಕೈ, ಮಾತು ಕಡಿಮೆ. ಅದೇ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದವಳನ್ನು ಮದುವೆಯಾದ. ಅವಳನ್ನು ನಾನು ಅತ್ತಿಗೆ ಎನ್ನುತ್ತೇನೆ, ಅವನನ್ನು ಅಣ್ಣ ಎನ್ನುತ್ತೇನೆ. ರಕ್ತಸಂಬಂಧ ಏನೂ ಇಲ್ಲ, ಎದುರುಬದುರು ಬಾಗಿಲಿನ ಸಂಬಂಧ. ನನ್ನ ಗಂಡ ತೀರಿಕೊಂಡ ವರ್ಷ ಮೂರು ತಿಂಗಳು ನಮ್ಮ ಮನೆಗೆ ನೀರು ಹೊತ್ತು ತಂದು ಹಾಕಿದವಳು ಅವಳು. ಮಾತಿಗೊಂದು ನಗೆ ಬೆರೆಸುವವಳು. ಇಪ್ಪತ್ತೈದು ವರ್ಷ ಸಿಮೆಂಟಿನ ಧೂಳು ಕುಡಿದವಳಿಗೆ ಆ ತೇವದ ಗೋಡೆ ಸೇರಿಕೊಂಡು ಉಸಿರು ಕಟ್ಟತೊಡಗಿತು. ಮಲಗಿದರೆ ಉಸಿರಿಲ್ಲ. ಮಂಚದ ಮೇಲೆ ದಿಂಬು ಒಟ್ಟಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. "ನಾನು ಕುಕ್ಕರ್ ಆಗಿದೀನಿ ಕಣೇ, ಮೂರು ಸೀಟಿ ಆದ್ಮೇಲೆ ಇಳಿಸಿಬಿಡಿ," ಎನ್ನುತ್ತಿದ್ದಳು. ಮೇಸ್ತ್ರಿ ಆ ಮಾತಿಗೆ ಎಂದೂ ನಗಲಿಲ್ಲ.

ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. "ಔಷಧಿ ಬರೀತೀನಿ, ಆದ್ರೆ ಆ ಮನೆಯಲ್ಲಿ ಇಟ್ಕೊಂಡು ಔಷಧಿ ಕೊಟ್ರೆ ಪ್ರಯೋಜನ ಇಲ್ಲ. ಒಣಗಿರೋ ಮನೆಗೆ ಕರ್ಕೊಂಡು ಹೋಗಿ. ಇನ್ನೊಂದು ಮಳೆಗಾಲ ಅಲ್ಲೇ ಕಳೆದ್ರೆ ನಾನು ಏನೂ ಹೇಳೋಕಾಗಲ್ಲ," ಎಂದರಂತೆ. ಇದನ್ನು ಮೇಸ್ತ್ರಿ ನನಗೆ ಹೇಳಿದ್ದು ನನ್ನ ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಅಂಗೈ ಉಜ್ಜಿಕೊಳ್ಳುತ್ತ. ನೀರಿನ ಮನೆಯನ್ನು ಕೊಳ್ಳುವವರು ಯಾರು? ಬೇರೆ ಕಡೆ ಬಾಡಿಗೆ ಹಿಡಿಯುವ ಶಕ್ತಿ ಅವನಿಗಿರಲಿಲ್ಲ. ಅವಳನ್ನು ಅಲ್ಲಿಂದ ಕರೆದುಕೊಂಡು ಹೋಗಬೇಕು, ಮಳೆಗಾಲಕ್ಕೆ ಮೊದಲು ಹೋಗಬೇಕು. ಅವನ ತಲೆಯಲ್ಲಿ ಆಗ ಬೇರೆ ಯೋಚನೆಯೇ ಇರಲಿಲ್ಲ.

ಅಂಥ ಹೊತ್ತಿನಲ್ಲೇ ಆಫೀಸಿನ ನೋಟೀಸು ಬಂತು. ನೀರು ನುಗ್ಗುವ ಬೀದಿಗಳವರಿಗೆ ಎತ್ತರದ ಜಾಗದಲ್ಲಿ ಹೊಸ ಫ್ಲ್ಯಾಟು. ಅದರಲ್ಲಿ 'ಹವಾಮಾನ ಬದಲಾವಣೆ' ಎಂದು ಅಚ್ಚಾಗಿತ್ತು. ನೀರು ನಮ್ಮ ಬೀದಿಗೆ ಬಂದು ಹದಿನಾರು ವರ್ಷವಾದ ಮೇಲೆ ಆ ಮಾತು ಬಂತು. ಬರಲಿ, ತಡವಾದರೂ ಬಂತಲ್ಲ ಎಂದು ನಾನು ನೋಟೀಸನ್ನು ಮಡಿಚಿ ಅಲಮಾರಿನಲ್ಲಿ ಇಟ್ಟೆ. ಆ ವಾರ ಮೇಸ್ತ್ರಿ ಸೀಟಿ ಹೊಡೆಯುತ್ತ ಕೆಲಸಕ್ಕೆ ಹೋದದ್ದನ್ನು ನಾನು ನೋಡಿದ್ದೇನೆ.

ಸರ್ವೆಗೆ ಬಂದವಳು ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ಬೆವರು ಒರೆಸಿಕೊಳ್ಳುತ್ತ, ಬಾಗಿಲಲ್ಲಿ ಬಗ್ಗಿ ಒಳಗೆ ಬಂದಳು. ಎರಡು ವರ್ಷದ ಹಿಂದಿನ ದೊಡ್ಡ ನೀರು ಎಲ್ಲರ ಗೋಡೆಯ ಮೇಲೂ ಕಂದು ಗೆರೆ ಎಳೆದು ಹೋಗಿತ್ತು. ನೆಲದಿಂದ ಆ ಗೆರೆಗೆ ಒಂದೂವರೆ ಅಡಿ ಇದ್ದರೆ ಮನೆ ಪಟ್ಟಿಗೆ ಸೇರುತ್ತದೆ. ಅವಳು ಟೇಪು ಹಿಡಿದಳು. ನಮ್ಮ ಗೆರೆ ಪಾದದ ಗಂಟಿನ ಹತ್ತಿರ ಇತ್ತು.

"ಅರ್ಧ ಅಡಿ ಅಮ್ಮ," ಎಂದಳು.

"ನೀರು ಬಂದಾಗ ಅದು ಎರಡಡಿ ಇತ್ತು ಮೇಡಂ. ಆಮೇಲೆ ನೆಲ ಏರಿಸಿದ್ವಿ, ಎರಡು ಸಲ."

"ನಿಜ ಇರಬಹುದು. ಆದ್ರೆ ನಾನು ಈಗಿರೋ ನೆಲದಿಂದಲೇ ಅಳೀಬೇಕು. ಟೇಪಿಟ್ಟು ಫೋಟೋ ತೆಗೆದು ಕಳಿಸಬೇಕು."

ನನಗೆ ಪಿತ್ತ ನೆತ್ತಿಗೇರಿತು. ಆದರೆ ಆ ಹುಡುಗಿಯ ಮೇಲೆ ಸಿಟ್ಟು ಮಾಡಿ ಏನು ಬಂತು? ಹದಿಮೂರು ಮನೆಯಲ್ಲಿ ಮೂರೇ ಮನೆ ಪಟ್ಟಿಗೆ ಸೇರಿದವು. ಅದರಲ್ಲಿ ಮೊದಲನೆಯದು ನಾಳೆಯಪ್ಪನದು. ನೆಲ ಏರಿಸೋಣವೇ ಎಂದು ಮೇಸ್ತ್ರಿ ಕೇಳಿದಾಗಲೆಲ್ಲ "ನಾಳೆ ನೋಡೋಣ" ಎಂದು ಮಗ್ಗುಲು ಬದಲಿಸಿ ಮಲಗುತ್ತಿದ್ದ ಮನುಷ್ಯ. ಎರಡು ವರ್ಷ ನೀರಿನಲ್ಲೇ ಓಡಾಡಿದ. ಅವನಿಗೆ ಫ್ಲ್ಯಾಟು ಸಿಕ್ಕಿತು. ಬೆವರು ಸುರಿಸಿ ನೆಲ ಏರಿಸಿಕೊಂಡ ಹತ್ತು ಮನೆಯವರು ಬಾಯಿ ಬಿಟ್ಟುಕೊಂಡು ನಿಂತೆವು.

ಒಂಬತ್ತು ದಿನ ಬಿಟ್ಟು ಮತ್ತೊಮ್ಮೆ ಬರುತ್ತೇನೆ, ತಕರಾರು ಇದ್ದವರದು ಇನ್ನೊಮ್ಮೆ ಅಳೆಯುತ್ತೇನೆ, ಅದಾದ ಮೇಲೆ ಪಟ್ಟಿ ಮುಗಿಯಿತು ಎಂದು ಹೇಳಿ ಹುಡುಗಿ ಹೋದಳು. ಅವಳ ಬೆನ್ನು ಮರೆಯಾಗುವ ಮೊದಲೇ ಬೀದಿ ಮೇಸ್ತ್ರಿಯ ಕಡೆ ತಿರುಗಿತು. ಬಸ್ ರಸ್ತೆ ಕಡೆಯ ಮನೆಯವನಂತೂ, "ಏರಿಸಿ ಏರಿಸಿ ಎಲ್ಲರನ್ನೂ ಮುಳುಗಿಸಿದೆಯಲ್ಲಯ್ಯ," ಎಂದುಬಿಟ್ಟ. ಮೇಸ್ತ್ರಿ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ. ಆಮೇಲೆ, "ಏರಿಸಿದವನು ನಾನೇ, ಇಳಿಸಿಕೊಡ್ತೀನಿ ಬಿಡಿ," ಎಂದ.

ಮರುದಿನ ಬೆಳಿಗ್ಗೆ ಅವನು ಹಾರೆ, ಸುತ್ತಿಗೆ ತೆಗೆದುಕೊಂಡು ತನ್ನ ಮನೆಯ ಸಾಮಾನೆಲ್ಲ ಹೊರಗಿಡುತ್ತಿದ್ದ. ಅಲ್ಲಿಂದ ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ, ಅತ್ತೆಗೂ ಹೇಳಿಲ್ಲ. ನಾನು ಅವನ ಬಾಗಿಲಿಗೆ ಹೋದೆ.

"ಅಣ್ಣ, ನಮ್ಮದೊಂದು ಮೊದಲು ಮುಗಿಸಿಕೊಡು. ಅತ್ತೆಗೆ ವಯಸ್ಸಾಗಿದೆ. ಕೊನೇಲಿ ಗಡಿಬಿಡಿ ಆದ್ರೆ ನನಗೆ ಕೈಕಾಲೇ ಆಡಲ್ಲ."

ಅವನು ಹಾರೆಯನ್ನು ಗೋಡೆಗೆ ಒರಗಿಸಿದ. "ನಮ್ಮನೆ ಕಾಲುವೆ ಪಕ್ಕದ್ದು, ತಂಗಿ. ಹುಣ್ಣಿಮೆ ಹತ್ರ ಬಂದ್ರೆ ಉಬ್ಬರಕ್ಕೆ ಕೆಳಗಿನಿಂದಲೇ ನೀರು ಬರುತ್ತೆ. ಈಗಾದ್ರೆ ಒಣಗಿರುತ್ತೆ. ನನ್ನದು ಇವತ್ತು ಮುಗಿಸಿ ನಾಳೆ ನಿನ್ನ ಮನೆಗೆ ಬರ್ತೀನಿ."

"ಹುಣ್ಣಿಮೆಗೆ ಇನ್ನೂ ಎಂಟು ದಿನ ಇದೆಯಲ್ಲ," ಎಂದೆ ನಾನು.

ಒಳಗಿನಿಂದ ಅತ್ತಿಗೆಯ ದನಿ ಬಂತು. "ಹೋಗಿ ಮಾಡಿಕೊಡಿ ಅವಳಿಗೆ. ನಂಗೂ ಇವತ್ತೊಂದಿನ ಧೂಳು ಕುಡಿಯೋದು ತಪ್ಪುತ್ತೆ."

ಅವನು ಹಾರೆ ಎತ್ತಿಕೊಂಡು ನನ್ನ ಹಿಂದೆ ಬಂದ. ಬೇಡ ಅಣ್ಣ, ನಿನ್ನದೇ ಮಾಡಿಕೋ ಎನ್ನಲು ನನಗೆ ಬೀದಿ ದಾಟುವಷ್ಟು ಸಮಯವಿತ್ತು. ನಾನು ಬಾಯಿ ಬಿಡಲಿಲ್ಲ.

ನೆಲ ಹಾಕುವುದಕ್ಕಿಂತ ಒಡೆಯುವುದು ಕಷ್ಟ ಎಂದು ಆ ದಿನ ತಿಳಿಯಿತು. ಬೇರೆ ಕಡೆ ಕಂಟ್ರಾಕ್ಟರು ಹೇಳಿದಷ್ಟು ಸಿಮೆಂಟು ಹಾಕುವವನು, ನಮ್ಮ ಬೀದಿಯ ಕೆಲಸಕ್ಕೆ ತನ್ನ ಮನಸ್ಸಿಗೆ ಒಪ್ಪುವಷ್ಟು ಹಾಕಿದ್ದ. ಸುತ್ತಿಗೆ ಬಡಿದರೆ ಕಿಡಿ ಹಾರುತ್ತಿತ್ತು. "ಯಾವ ಪುಣ್ಯಾತ್ಮ ಹಾಕಿದ್ದೋ ಇಷ್ಟು ಗಟ್ಟಿ, ಸಿಕ್ಕಿದ್ರೆ ಕಪಾಳಕ್ಕೆ ಬಿಡ್ತಿದ್ದೆ," ಎಂದು ತನ್ನನ್ನೇ ಬೈದುಕೊಂಡು ಅವನು ನಕ್ಕ. ಅತ್ತೆ ಕೂತಲ್ಲೇ ಬುಟ್ಟಿಗೆ ತುಂಬಿಕೊಟ್ಟ ಕಲ್ಲುಚೂರನ್ನು ನಾನು ಹೊತ್ತು ಹೊರಗೆ ಹಾಕಿದೆ. ಸಂಜೆಯ ಹೊತ್ತಿಗೆ ನನ್ನ ಮನೆ ಹಳೆಯ ನೆಲಕ್ಕೆ ಇಳಿದಿತ್ತು, ಗೋಡೆಯ ಗೆರೆ ಎರಡಡಿ ಮೇಲಿತ್ತು. ಎರಡು ವರ್ಷದ ಮೇಲೆ ಮೊದಲ ಸಲ ಕೈ ಮೇಲೆತ್ತಿ ಮೈ ಮುರಿದೆ.

ಮರುದಿನ ಅವನು ತನ್ನ ಮನೆಗೆ ಹೋಗಬೇಕಿತ್ತು. ಬೆಳಗಾಗುವಷ್ಟರಲ್ಲಿ ಪಕ್ಕದ ಮನೆಯವರು ಬಂದು ನಿಂತರು. ಟೈಲರಮ್ಮನ ಮನೆ ಮಾಡಿದೆ, ನಮ್ಮದೇನು ಪಾಪ ಮಾಡಿತ್ತು ಎಂದರು. ಅವರದಾದ ಮೇಲೆ ಇನ್ನೊಬ್ಬರು. ಆರನೆಯ ದಿನ ಎರಡು ಮನೆ, ಏಳನೆಯ ದಿನ ಎರಡು ಮನೆ. ಮುಳುಗಿಸಿದೆ ಎಂದವನ ಮನೆಯನ್ನೂ ಮಾಡಿಕೊಟ್ಟ. ಅವನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ, ಅದು ನಮಗೆಲ್ಲ ಚೆನ್ನಾಗಿ ಗೊತ್ತಿತ್ತು. ಬೀದಿಯ ತುಂಬ ಧೂಳು. ಅತ್ತಿಗೆ ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು, ಕಿಟಕಿ ಮುಚ್ಚಿಸಿಕೊಂಡು, ಆ ಕಾವಿನಲ್ಲಿ ಒಳಗೆ ಕೂತಿದ್ದಳು. ನಮ್ಮ ಮನೆಗೆ ಕರೆತರೋಣವೆಂದರೆ ನಮ್ಮ ಮನೆಯೂ ಧೂಳಿನ ಗುಡ್ಡವೇ.

ಎಂಟನೆಯ ದಿನ ಅವನು ತನ್ನ ನೆಲಕ್ಕೆ ಹಾರೆ ಹಾಕಿದ. ನಾನು ಬುಟ್ಟಿ ತೆಗೆದುಕೊಂಡು ಹೋದೆ. ಮೇಲಿನ ಗೇಣು ಒಡೆದು ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೆಳಗಿನ ಗೇಣಿಗೆ ನಾಲ್ಕು ಏಟು ಹಾಕಿದ್ದನೋ ಇಲ್ಲವೋ, ಬಿರುಕಿನಿಂದ ನೀರು ಚಿಮ್ಮಿತು. ಅವನು ನಿಲ್ಲಿಸಲಿಲ್ಲ. ಇನ್ನಷ್ಟು ಒಡೆದ, ಇನ್ನಷ್ಟು ನೀರು ಬಂತು. ನಾವು ಬಕೆಟ್ಟಿನಲ್ಲಿ ಮೊಗೆದು ಹಾಕಿದೆವು, ಬೀದಿಯವರೂ ಬಂದರು, ಎಂಟು ಜನ ಮೊಗೆದೆವು. ಕಾಲುವೆಯನ್ನು ಬಕೆಟ್ಟಿನಲ್ಲಿ ಖಾಲಿ ಮಾಡಲು ಆಗುತ್ತದೆಯೇ? ಮಂಚದ ಕಾಲು ನೀರಿನಲ್ಲಿ ನಿಂತಿತ್ತು. ಮಂಚದ ಮೇಲೆ ಅತ್ತಿಗೆ ಎರಡು ಕೈಯೂರಿ ಕೂತು ಬಾಯಲ್ಲಿ ಉಸಿರೆಳೆಯುತ್ತಿದ್ದಳು. ಅವಳ ಮುಖ ನೀಲಿಗಟ್ಟಿದ್ದನ್ನು ನೋಡಿ ಮೇಸ್ತ್ರಿ ಹಾರೆ ಕೆಳಗಿಟ್ಟ. ಒಡೆದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಆ ಗುಂಡಿಗೇ ವಾಪಸ್ಸು ತುಂಬಿದ. ನಾನು ಬುಟ್ಟಿ ಹಿಡಿದುಕೊಂಡು ನಿಂತಿದ್ದೆ, ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮರುದಿನ ಸರ್ವೆ ಹುಡುಗಿ ಬಂದಳು. ಒಂಬತ್ತು ಮನೆಯೂ ಪಟ್ಟಿಗೆ ಸೇರಿದವು. ಮೇಸ್ತ್ರಿಯ ಮನೆಯಲ್ಲಿ ಟೇಪು ಹಿಡಿದು ಹದಿನೈದು ಅಂಗುಲ ಎಂದಳು. ಮೂರು ಅಂಗುಲ ಕಡಿಮೆ. ಕಲ್ಲಿನ ಸಂದಿಗೆ ಟೇಪಿನ ತುದಿ ಒತ್ತಿ ಮತ್ತೆ ಅಳೆದಳು, ಮೂರನೆಯ ಸಲವೂ ಅಳೆದಳು. ಅವಳಿಗೂ ಪಟ್ಟಿಗೆ ಸೇರಿಸುವ ಮನಸ್ಸಿತ್ತು.

"ಕೆಳಗಿನಿಂದ ನೀರು ಉಕ್ಕುತ್ತಿದೆಯಲ್ಲ ಮೇಡಂ, ಕಣ್ಣಿಗೆ ಕಾಣಲ್ವಾ? ಅದನ್ನ ಬರ್ಕೊಳ್ಳಿ," ಎಂದು ನಾನು ಜಗಳಕ್ಕೆ ಹೋದೆ.

"ಅದಕ್ಕೆ ಕಾಲಂ ಇಲ್ಲಮ್ಮ," ಎಂದಳು. ಮೇಸ್ತ್ರಿಯ ಕಡೆ ತಿರುಗಿ, "ಯಜಮಾನ್ರೇ, ಮುಂದೆ ಇನ್ನೊಂದು ಪಟ್ಟಿ ಮಾಡ್ತಾರೆ ಅಂತಿದ್ದಾರೆ. ಆಗ ನೋಡೋಣ," ಎಂದಳು.

"ಆಗಲಿ ತಾಯಿ," ಎಂದ ಮೇಸ್ತ್ರಿ. ಅವಳಿಗೆ ಕೈತೊಳೆಯಲು ನೀರು ಕೊಟ್ಟ.

ತಿಂಗಳೊಳಗೆ ಹನ್ನೆರಡು ಮನೆಯವರು ಫ್ಲ್ಯಾಟಿಗೆ ಹೋದೆವು. ಮತ್ತೆ ಯಾರೂ ಬಂದು ಸೇರಿಕೊಳ್ಳಬಾರದೆಂದು ಆಫೀಸಿನವರು ಹನ್ನೆರಡು ಮನೆಯನ್ನೂ ಕೆಡವಿದರು. ಕಲ್ಲುಮಣ್ಣು ಚರಂಡಿಗೆ ಬಿದ್ದು ನೀರು ಹರಿಯುವ ದಾರಿಯೂ ಹೋಯಿತು. ಆ ಬಯಲಿನಲ್ಲಿ ಮೇಸ್ತ್ರಿಯ ಮನೆ ಒಂದೇ ನಿಂತಿದೆ. ನೆಲ ಏರಿಸಿಕೊಳ್ಳುವವರು ಯಾರೂ ಉಳಿಯಲಿಲ್ಲವಾದ್ದರಿಂದ ಅವನ ಕೆಲಸವೂ ಹೋಯಿತು. ಎರಡು ಬಸ್ ಬದಲಿಸಿ ದೂರದ ಕಟ್ಟಡಗಳಿಗೆ ಕೂಲಿಗೆ ಹೋಗುತ್ತಾನೆ. ಹಗಲೆಲ್ಲ ಅತ್ತಿಗೆ ಒಬ್ಬಳೇ. ಕೂಗಿದರೆ ಕೇಳಿಸಿಕೊಳ್ಳುವವರಿಲ್ಲ, ಕೂಗಲು ಉಸಿರೂ ಇಲ್ಲ.

ನನ್ನದು ನಾಲ್ಕನೆಯ ಮಹಡಿ. ಗಾಳಿ ಬರುತ್ತದೆ, ಗೋಡೆ ಒಣಗಿದೆ. ಮಳೆಯ ಮೊದಲ ವಾರ ನಾನು ತಡೆಯಲಾರದೆ ಹೋಗಿ ಅತ್ತಿಗೆಯನ್ನು ಕರೆದುಕೊಂಡು ಬಂದೆ. ಲಿಫ್ಟಿನಲ್ಲಿ ಅವಳು ನನ್ನ ಭುಜ ಹಿಡಿದು, "ಮೇಲಕ್ಕೆ ಹೋಗ್ತಿದೀವಿ ಅಂದ್ರೆ ಸತ್ತು ಹೋದ್ನೇನೋ ಅನ್ನಿಸ್ತು ಕಣೇ," ಎಂದು ನಕ್ಕಳು. ಹನ್ನೊಂದು ದಿನ ಇದ್ದಳು. ಐದನೆಯ ದಿನ ದಿಂಬು ತೆಗೆದು ಅಂಗಾತ ಮಲಗಿದಳು. ಎರಡು ವರ್ಷದಿಂದ ಅವಳು ಹಾಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತ ಅವಳ ಎದೆ ಏರಿಳಿಯುವುದನ್ನೇ ನೋಡಿದೆ. ಮೇಸ್ತ್ರಿ ಕೆಲಸ ಮುಗಿಸಿ ಬಂದು, ಬಾಗಿಲಲ್ಲೇ ಕೂತು, ಒಂದು ಲೋಟ ಚಹಾ ಕುಡಿದು, ಅವಳು ಮಲಗಿದ್ದನ್ನು ನೋಡಿ ಹೋಗುತ್ತಿದ್ದ.

ಹತ್ತನೆಯ ದಿನ ಕೆಳಗಿನ ಬೋರ್ಡಿನಲ್ಲಿ ಕಾಗದ ಅಂಟಿಸಿದರು. ಪಟ್ಟಿಯಲ್ಲಿರುವವರು ಮಾತ್ರ ವಾಸ ಮಾಡಬೇಕು, ಹೊರಗಿನವರನ್ನು ಇಟ್ಟುಕೊಂಡರೆ ಮನೆ ವಾಪಸ್ಸು, ಸೋಮವಾರದಿಂದ ತಪಾಸಣೆ. ಮೇಸ್ತ್ರಿ ನೆಲ ಒಡೆದುಕೊಟ್ಟ ಒಂಬತ್ತು ಮನೆಯವರೂ ಅದೇ ಕಟ್ಟಡದಲ್ಲಿದ್ದೇವೆ. ನಾನು ಎಲ್ಲರ ಬಾಗಿಲು ತಟ್ಟಿದೆ, ಸರದಿಯ ಮೇಲೆ ಎರಡೆರಡು ದಿನ ಇಟ್ಟುಕೊಳ್ಳೋಣ ಎಂದೆ. ಒಬ್ಬರಿಗೆ ಮಗಳ ಹೆರಿಗೆ, ಒಬ್ಬರಿಗೆ ಜಾಗ ಇಲ್ಲ. ಅದೇ ಕಟ್ಟಡಕ್ಕೆ ಬಂದಿದ್ದ ನಾಳೆಯಪ್ಪನೂ ತನ್ನ ಮಾತನ್ನೇ ಹೇಳಿದ. ಅವರನ್ನೆಲ್ಲ ಮನಸ್ಸಿನಲ್ಲೇ ಬೈದುಕೊಂಡು ಮೇಲೆ ಬಂದೆ. ಬಂದು ನೋಡಿದರೆ ಅತ್ತೆ ಕಿಟಕಿಯ ಹತ್ತಿರ ಕೂತು, "ನನ್ನನ್ನ ಮತ್ತೆ ಆ ನೀರಿಗೆ ಕರ್ಕೊಂಡು ಹೋಗಬೇಡ," ಎಂದರು. ಅವರ ನಾಲಿಗೆಯಲ್ಲಿ ಅಂಥ ಮೆತ್ತನೆಯ ಮಾತನ್ನು ನಾನು ಕೇಳಿರಲಿಲ್ಲ.

ಅತ್ತಿಗೆಗೆ ಹೇಗೆ ಹೇಳುವುದೆಂದು ಬಾಯಿಪಾಠ ಮಾಡಿಕೊಂಡು ಹೋದೆ. ಅವಳು ಆಗಲೇ ಸೀರೆ ಮಡಿಚಿ ಚೀಲಕ್ಕೆ ತುಂಬಿದ್ದಳು.

"ನೀನು ಹೇಳೋದು ಬೇಡ, ನಾನೇ ಹೇಳ್ತೀನಿ. ನಾಳೆ ಹೋಗ್ತೀನಿ," ಎಂದಳು. "ಇಷ್ಟು ದಿನ ಮಲಗಿದ್ದೀನಲ್ಲ, ಸಾಕು."

"ತಪಾಸಣೆ ಮುಗೀಲಿ ಅತ್ತಿಗೆ, ಮತ್ತೆ ಕರ್ಕೊಂಡು ಬರ್ತೀನಿ," ಎಂದೆ. ತಪಾಸಣೆ ಎಂದಿಗೂ ಮುಗಿಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಬಂದ. ಹೊರಗೆ ಮಳೆ ಹಿಡಿದಿತ್ತು. ಅವನ ಪ್ಯಾಂಟು ಮೊಣಕಾಲಿನ ತನಕ ಒದ್ದೆಯಾಗಿತ್ತು, ಒಳಗೆ ಕಾಲಿಟ್ಟರೆ ಗಲೀಜಾಗುತ್ತದೆಂದು ಬಾಗಿಲಲ್ಲೇ ನಿಂತ. ನಾನೇ ಕೈ ಹಿಡಿದು ಒಳಗೆ ಎಳೆದೆ. ಅವನು ಒಂದು ಮಾತು ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಅವನು ಹೆಂಡತಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡ, ಅವಳ ಚಪ್ಪಲಿಯನ್ನು ಕಾಲಿನ ಹತ್ತಿರ ಸರಿಸಿದ. ಅವಳು ಎದ್ದು ನಿಲ್ಲುವ ತನಕ ಕಾಯುತ್ತ, ಅಡುಗೆಮನೆಯ ಬಾಗಿಲ ಹತ್ತಿರ ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಕುಟ್ಟಿದ, ಇನ್ನೊಮ್ಮೆ ಕುಟ್ಟಿ ಕಿವಿಗೊಟ್ಟ.

"ಇಲ್ಲಿ ಟೊಳ್ಳಿದೆ ತಂಗಿ. ಟೈಲ್ಸ್ ಕೆಳಗೆ ಸಿಮೆಂಟೇ ತುಂಬಿಲ್ಲ. ಅತ್ತೆ ಕಾಲಿಟ್ಟಾಗ ಒಡೆದ್ರೆ ಬಿದ್ದುಬಿಡ್ತಾರೆ. ಮುಂದಿನ ಭಾನುವಾರ ಬಂದು ಸರಿ ಮಾಡ್ಕೊಡ್ತೀನಿ."

ಮುಂದಿನ ಭಾನುವಾರ ಅತ್ತಿಗೆಯನ್ನು ಆ ಮನೆಯಲ್ಲಿ ಒಬ್ಬಳನ್ನೇ ಬಿಟ್ಟು, ಎರಡು ಬಸ್ ಹಿಡಿದು, ಕರಣೆ ತೆಗೆದುಕೊಂಡು ಬಂದ. ನಾನು ಬೇಡ ಅನ್ನಲಿಲ್ಲ.